ಮೂಲಕ್ಕಿಂತ ಮೊದಲೇ ಅನುವಾದ ಬಂತು: ನಮ್ಮ ಕಡೆಗೆ ಕನ್ನಡ ಪುಸ್ತಕ ಬರುವ ದಾರಿ ಯಾವುದು?

ಕೋಟೆಬಾಗಿಲು (ರಾಯಚೂರು)

ಈ ವರ್ಷ ಓದಿದ್ದರ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಕುಳಿತರೆ, ಓದಿದ ಕಥೆಗಳಿಗಿಂತ ಅವು ನನ್ನ ಕೈಸೇರಿದ ಕಥೆಯೇ ಉದ್ದವಾಗಿದೆ. ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ಗೆ 2025ರ ಮೇ 20ರಂದು ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ವಾರವೇ, ಆ ಇಂಗ್ಲಿಷ್ ಪ್ರತಿಗೂ ಅದೇ ಲೇಖಕಿಯ ಕನ್ನಡ ಕಥಾಸಂಕಲನವೊಂದಕ್ಕೂ ಒಟ್ಟಿಗೆ ಹಣ ಕಟ್ಟಿದ್ದೆ. ಇಂಗ್ಲಿಷ್ ಪುಸ್ತಕ ಮೂರನೆಯ ದಿನ ಮನೆಗೆ ಬಂತು. ಕನ್ನಡದ್ದು ಬರಲು ಇಪ್ಪತ್ತಮೂರು ದಿನ ಹಿಡಿಯಿತು. ಅದೂ ಎರಡು ಸಲ ಫೋನ್ ಮಾಡಿ, ಒಂದು ಸಲ ಸಿಟ್ಟಿಗೆದ್ದ ಮೇಲೆ.

ಹೀಗಾಗಿ ಕನ್ನಡದ ಕಥೆಗಳನ್ನು ನಾನು ಮೊದಲು ಇಂಗ್ಲಿಷಿನಲ್ಲಿ ಓದಿದೆ. ಗಂಡನ ನಡತೆಗೆ ಬೇಸತ್ತು, ಕೂಸನ್ನು ಎತ್ತಿಕೊಂಡು ತವರಿಗೆ ಬಂದವಳನ್ನು ಒಡಹುಟ್ಟಿದವರೇ ಹಿಂದಕ್ಕೆ ಕರೆದೊಯ್ದು ಬಿಡುವ ಕಥೆಯನ್ನು ಓದುವಾಗ, ಅವಳು ಹೇಗೆ ಮಾತನಾಡಿರಬಹುದೆಂದು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿಕೊಳ್ಳುತ್ತಾ ಹೋದೆ. ನನಗೆ ಕೇಳಿಸಿದ್ದು ನಮ್ಮ ಓಣಿಯ ಮಾತು, ನಮ್ಮ ದಖನಿ ಉರ್ದು ಬೆರೆತದ್ದು. ಕೊನೆಗೆ ಕನ್ನಡದ ಕಥೆಗಳು ಕೈಗೆ ಬಂದಾಗ ನೋಡಿದರೆ ಆ ಹೆಂಗಸರು ಹಾಸನ ಸೀಮೆಯವರು. ನಾನು ಅವರನ್ನೆಲ್ಲ ನಮ್ಮ ರಾಯಚೂರಿನ ತೀನ್ ಕಂದೀಲಿನಲ್ಲಿ ನಿಲ್ಲಿಸಿಬಿಟ್ಟಿದ್ದೆ!

ನಮ್ಮ ಊರಿನ ಅಂಗಡಿಗಳಲ್ಲಿ ಕೇಳಿದರೆ ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿಗಳು ಮಾಡಿನವರೆಗೆ ಪೇರಿಸಿವೆ. ಕಥೆ ಕಾದಂಬರಿ ಬೇಕೆಂದರೆ ‘ಹೆಸರು ಬರೆದು ಕೊಡಿ, ತರಿಸೋಣ’ ಎನ್ನುತ್ತಾರೆ. ಈ ಭಾಗದಲ್ಲಿ ಓದುಗರಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಪುಸ್ತಕ ಬರುತ್ತಿಲ್ಲ ಎಂಬುದು ನನ್ನ ವಾದ. ಒಪ್ಪದವರು ಕಾರಣ ಕೊಡಬೇಕು.

ಭತ್ತದ ಕಣಜ (ಸಿಂಧನೂರು)

ಇಪ್ಪತ್ತಮೂರು ದಿನಕ್ಕೆ ಬಂತೇ? ನೀವು ಪುಣ್ಯವಂತರು. ನಾನು ತರಿಸಿದ ಪುಸ್ತಕ ಇನ್ನೂ ದಾರಿಯಲ್ಲಿಯೇ ಇದೆ.

ಹಳೆಯ ಗುಮಾಸ್ತ (ಬಳ್ಳಾರಿ)

ನಾನು ಒಪ್ಪುವುದಿಲ್ಲ, ಕಾರಣವನ್ನೂ ಕೊಡುತ್ತೇನೆ. ಐದಾರು ವರ್ಷಗಳ ಹಿಂದೆ ನನ್ನದೇ ಒಂದು ಪ್ರಬಂಧ ಸಂಕಲನವನ್ನು ಕೈಯಿಂದ ಹಣ ಹಾಕಿ ಅಚ್ಚು ಹಾಕಿಸಿ, ರಾಯಲ್ ಸರ್ಕಲ್ ಹತ್ತಿರದ ಒಂದು ಅಂಗಡಿಯಲ್ಲಿ ಹತ್ತು ಪ್ರತಿಗಳನ್ನು ಇಟ್ಟು ಬಂದೆ. ವರ್ಷದ ನಂತರ ಲೆಕ್ಕ ಕೇಳಲು ಹೋದಾಗ ಮೂರು ಮಾರಾಟವಾಗಿದ್ದವು. ಅವುಗಳಲ್ಲಿ ಒಂದನ್ನು ಕೊಂಡವನು ನಾನೇ, ಅಂಗಡಿಯವನಿಗೆ ಉತ್ಸಾಹ ಬರಲಿ ಎಂದು. ಉಳಿದ ಏಳು ಪ್ರತಿಗಳ ಮೇಲೆ ಈ ಊರಿನ ಕೆಂಪು ಧೂಳು ಕುಳಿತು, ಬಿಳಿಯ ಮುಖಪುಟ ಗೇರು ಬಣ್ಣಕ್ಕೆ ತಿರುಗಿತ್ತು. ಪುಸ್ತಕ ಬಂದಿತ್ತು, ಓದುಗರು ಬರಲಿಲ್ಲ. ಅಂಗಡಿಯವನನ್ನು ದೂರಿ ಪ್ರಯೋಜನವಿಲ್ಲ. ಅವನೂ ಬಾಡಿಗೆ ಕಟ್ಟಬೇಕು, ಪರೀಕ್ಷೆಯ ಕೈಪಿಡಿಯೇ ಅವನ ಬಾಡಿಗೆ ಕಟ್ಟುವುದು.

ಕೋಟೆಬಾಗಿಲು (ರಾಯಚೂರು)

ಗುಮಾಸ್ತರೇ, ಕ್ಷಮಿಸಿ, ನಿಮ್ಮ ಪುಸ್ತಕ ಬಂದಿದೆಯೆಂದು ಯಾರಿಗೆ ಗೊತ್ತಿತ್ತು? ಹತ್ತು ಪ್ರತಿಗಳನ್ನು ಕಪಾಟಿನಲ್ಲಿ ನಿಲ್ಲಿಸಿದ ಮಾತ್ರಕ್ಕೆ ಪುಸ್ತಕ ಊರಿಗೆ ಬಂದಂತಾಗುವುದಿಲ್ಲ.

ಹಳೆಯ ಗುಮಾಸ್ತ (ಬಳ್ಳಾರಿ)

ಡಂಗುರ ಸಾರಿಸಬೇಕಿತ್ತೇನೋ.

ಅಚ್ಚುಮೊಳೆ (ಬಳ್ಳಾರಿ)

ಮೂವತ್ತು ವರ್ಷ ಮುದ್ರಣಾಲಯದಲ್ಲಿ ಕೆಲಸ ಮಾಡಿದವನಾಗಿ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಕಥೆ ಕಾದಂಬರಿಗಳ ಸಾಮಾನ್ಯ ಆಕಾರ ಡೆಮಿ 1/8. ಒಂದು ಹಾಳೆ ಮಡಿಸಿದರೆ 16 ಪುಟ, ಅದಕ್ಕೆ ಒಂದು ಫಾರಂ ಎನ್ನುತ್ತೇವೆ. 208 ಪುಟಗಳ ಪುಸ್ತಕವೆಂದರೆ 13 ಫಾರಂ. ಸಾವಿರ ಪ್ರತಿಗೆ 13,000 ಹಾಳೆ, ರೀಮಿಗೆ 500 ಹಾಳೆಯಂತೆ 26 ರೀಮು, ಹಾಳಾಗುವ ಕಾಗದ ಬೇರೆ. ಅಕ್ಷರ ಜೋಡಣೆ, ಕರಡು ತಿದ್ದುಪಡಿ, ಪ್ಲೇಟು ಇವುಗಳ ಖರ್ಚು ಐನೂರು ಪ್ರತಿಗೂ ಅಷ್ಟೇ, ಎರಡು ಸಾವಿರಕ್ಕೂ ಅಷ್ಟೇ. ಕಡಿಮೆ ಅಚ್ಚು ಹಾಕಿದಷ್ಟೂ ಪ್ರತಿಯೊಂದರ ಮೇಲೆ ಬೀಳುವ ಭಾರ ಹೆಚ್ಚು. ಮುಖಬೆಲೆಯಲ್ಲಿ ಮೂರನೆಯ ಒಂದು ಭಾಗ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಮಾರಾಟಗಾರರಿಗೆ ಹೋಗುತ್ತದೆ. ಲೇಖಕರಿಗೆ ಶೇಕಡಾ ಹತ್ತು ಎಂಬುದು ರೂಢಿ, ಕೊಟ್ಟರೆ.

ಈಗ ಹೊಸ ಸಂಗತಿ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದಾಗ ಶಾಲೆಯ ನೋಟ್‌ಪುಸ್ತಕಗಳಿಗೂ ಅವಕ್ಕೆ ಬಳಸುವ ಕಾಗದಕ್ಕೂ ತೆರಿಗೆ ಪೂರ್ತಿ ಹೋಯಿತು, ಸಂತೋಷ. ಆದರೆ ಪುಸ್ತಕ ಅಚ್ಚು ಹಾಕುವ ಕಾಗದದ ತೆರಿಗೆ ಶೇಕಡಾ 12ರಿಂದ 18ಕ್ಕೆ ಏರಿತು. ಅಚ್ಚಾದ ಪುಸ್ತಕಕ್ಕೆ ತೆರಿಗೆ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ, ನಿಜ. ಆದರೆ ಮಾರುವ ಸರಕಿಗೆ ತೆರಿಗೆ ಇಲ್ಲದಿರುವುದರಿಂದಲೇ, ಕಾಗದ ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಪ್ರಕಾಶಕ ಎಲ್ಲಿಯೂ ವಜಾ ಮಾಡಿಕೊಳ್ಳಲಾಗದೆ ತನ್ನ ಖರ್ಚಿಗೇ ಸೇರಿಸಬೇಕಾಗುತ್ತದೆ. ಮಗು ಬರೆಯುವ ಹಾಳೆ ಅಗ್ಗವಾಯಿತು, ಅದೇ ಮಗು ಓದುವ ಹಾಳೆ ತುಟ್ಟಿಯಾಯಿತು.

ಇನ್ನು ಇಂಗ್ಲಿಷ್ ಪ್ರತಿ ಮೂರು ದಿನಕ್ಕೆ ಬಂದದ್ದರಲ್ಲಿ ಮಾಯೆ ಏನೂ ಇಲ್ಲ. ಅದು ದೊಡ್ಡ ಪ್ರಕಾಶನ ಸಂಸ್ಥೆಯ ಪುಸ್ತಕ, ನೀವು ಹಣ ಕಟ್ಟುವ ಮೊದಲೇ ಯಾವುದೋ ಗೋದಾಮಿನಲ್ಲಿ ಬಂದು ಕುಳಿತಿರುತ್ತದೆ. ಕನ್ನಡದ ಸಣ್ಣ ಪ್ರಕಾಶಕ ನಿಮ್ಮ ಹಣ ಬಂದ ಮೇಲೆ ಅಟ್ಟ ಹತ್ತಿ, ಕಟ್ಟು ಬಿಚ್ಚಿ, ಒಂದು ಪ್ರತಿ ತೆಗೆದು, ಕಾಗದ ಸುತ್ತಿ, ತಾನೇ ಅಂಚೆ ಕಚೇರಿಗೆ ನಡೆಯಬೇಕು. ಪ್ರಶಸ್ತಿ ಬಂದ ವಾರವಂತೂ ಅಟ್ಟದಲ್ಲಿ ಪ್ರತಿಯೇ ಉಳಿದಿರುವುದಿಲ್ಲ.

ನಡುಮನೆ (ಲಿಂಗಸುಗೂರು)

‘ಕೊಟ್ಟರೆ’ ಎಂಬ ಆ ಒಂದು ಪದಕ್ಕಾಗಿಯೇ ನಿಮ್ಮ ಬರಹವನ್ನು ಎರಡು ಸಲ ಓದಿದೆ.

ಕೊಪಣ (ಕೊಪ್ಪಳ)

ಅಚ್ಚುಮೊಳೆಯವರು ಅಂಚೆ ಕಚೇರಿಯವರೆಗೆ ಬಂದು ನಿಲ್ಲಿಸಿದರು, ಅಲ್ಲಿಂದ ಮುಂದೆ ನಾನು ಹೇಳುತ್ತೇನೆ. ಪುಸ್ತಕಗಳಿಗೆಂದೇ ಇದ್ದ ಅಗ್ಗದ ನೋಂದಾಯಿತ ಬುಕ್ ಪೋಸ್ಟ್ ಸೇವೆ 2024ರ ಡಿಸೆಂಬರಿನಲ್ಲಿ ನಿಂತುಹೋಯಿತು. ಮುನ್ಸೂಚನೆಯಿಲ್ಲದೆ ನಿಂತದ್ದರಿಂದ, ಅಂಗಡಿ ಮಳಿಗೆಗಳಿಲ್ಲದೆ ಅಂಚೆಯನ್ನೇ ನಂಬಿದ್ದ ಸಣ್ಣ ಪ್ರಕಾಶಕರಿಗೆ ಕೈಕಟ್ಟಿದಂತಾಯಿತು. ಬಳಿಕ 2025ರ ಮೇ 1ರಿಂದ ‘ಜ್ಞಾನ್ ಪೋಸ್ಟ್’ ಎಂಬ ಹೊಸ ಸೇವೆ ಬಂದಿದೆ. ಅದರಲ್ಲಿ 300 ಗ್ರಾಂವರೆಗಿನ ಕಟ್ಟಿಗೆ 20 ರೂಪಾಯಿ, ಗರಿಷ್ಠ 5 ಕಿಲೋಗೆ 100 ರೂಪಾಯಿ, ತೆರಿಗೆ ಪ್ರತ್ಯೇಕ. ನೆಲದ ಮಾರ್ಗದಲ್ಲಿಯೇ ಹೋಗುತ್ತದೆ, ಎಲ್ಲಿಗೆ ತಲುಪಿದೆ ಎಂದು ನೋಡಿಕೊಳ್ಳಲೂ ಬರುತ್ತದೆ. ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರಿರಬೇಕು, ನಿಯತಕಾಲಿಕ ಆಗಿರಬಾರದು, ಜಾಹೀರಾತಿಗಾಗಿ ಮಾಡಿದ್ದಾಗಿರಬಾರದು.

ಈ ಸಂಗತಿಯನ್ನು ಪತ್ರಿಕೆಯಲ್ಲಿ ಓದಿ, ಗೆಳೆಯನೊಬ್ಬನಿಗೆ ಪುಸ್ತಕ ಕಳಿಸಲು ನಮ್ಮ ಹತ್ತಿರದ ಅಂಚೆ ಕಚೇರಿಗೆ ಹೋದೆ. ಕಿಟಕಿಯ ಆಚೆಗಿದ್ದವರು ಆ ಹೆಸರನ್ನೇ ಕೇಳಿರಲಿಲ್ಲ. ಅರ್ಧ ಗಂಟೆ ಕಂಪ್ಯೂಟರಿನಲ್ಲಿ ಹುಡುಕಿ, ಪಕ್ಕದ ಮೇಜಿನವರನ್ನು ಕೇಳಿ, ಕೊನೆಗೆ ಸಿಕ್ಕಾಗ ನನಗಿಂತ ಅವರಿಗೇ ಹೆಚ್ಚು ಸಂತೋಷವಾಯಿತು. ‘ಇಷ್ಟು ಕಡಿಮೆಯೇ’ ಎಂದು ಎರಡು ಸಲ ತೂಕ ಮಾಡಿದರು.

ಭತ್ತದ ಕಣಜ (ಸಿಂಧನೂರು)

ನನ್ನ ಪುಸ್ತಕ ಬಹುಶಃ ಆ ನೆಲದ ಮಾರ್ಗದಲ್ಲಿಯೇ ನಡೆದುಕೊಂಡು ಬರುತ್ತಿದೆ.

ಎಡದಂಡೆ (ಗಂಗಾವತಿ)

ಕೋಟೆಬಾಗಿಲಿನವರು ಅನುವಾದದ ಮಾತೆತ್ತಿ ಅರ್ಧಕ್ಕೆ ಬಿಟ್ಟರು. ನನಗೆ ‘ಹಾರ್ಟ್ ಲ್ಯಾಂಪ್’ನಲ್ಲಿ ಹಿಡಿಸಿದ್ದು ಅನುವಾದಕಿಯ ಧೈರ್ಯ. ಕನ್ನಡ, ಉರ್ದು, ಅರಬ್ಬಿ ಪದಗಳನ್ನು ಓರೆ ಅಕ್ಷರದಲ್ಲಿ ಬೇರ್ಪಡಿಸಿಲ್ಲ, ಅಡಿಟಿಪ್ಪಣಿ ಹಾಕಿ ವಿವರಿಸಿಲ್ಲ; ಹಾಗೇಕೆ ಮಾಡಿದೆನೆಂದು ಪುಸ್ತಕದ ಕೊನೆಯ ಟಿಪ್ಪಣಿಯಲ್ಲಿ ಹೇಳಿದ್ದಾರೆ. ನಾವು ಚಿಕ್ಕಂದಿನಲ್ಲಿ ಇಂಗ್ಲಿಷ್ ಕಾದಂಬರಿ ಓದುವಾಗ ಅಲ್ಲಿನ ತಿಂಡಿ ತಿನಿಸುಗಳ ಹೆಸರು ತಿಳಿಯದೆಯೂ ಓದಲಿಲ್ಲವೇ? ಈಗ ಅವರ ಸರದಿ. ಅದಕ್ಕೆ ಸಿಕ್ಕ ಫಲವೂ ದೊಡ್ಡದು, ಭಾರತದ ಭಾಷೆಯೊಂದಕ್ಕೆ ಮೊದಲ ಅಂತರರಾಷ್ಟ್ರೀಯ ಬೂಕರ್, ಲೇಖಕಿಗೆ 50,000 ಪೌಂಡ್.

ಮುಳ್ಳುಗರಿ (ಮಾನ್ವಿ)

ಎರಡು ತಪ್ಪು. 2022ರಲ್ಲಿ ಗೀತಾಂಜಲಿ ಶ್ರೀ ಅವರ ಹಿಂದಿ ಕಾದಂಬರಿಯ ಅನುವಾದಕ್ಕೆ ಈ ಪ್ರಶಸ್ತಿ ಬಂದಿತ್ತು. ಕನ್ನಡಕ್ಕೆ ಇದು ಮೊದಲನೆಯದು, ಸಣ್ಣಕಥೆಗಳ ಸಂಕಲನಕ್ಕೂ ಇದೇ ಮೊದಲು. ಆ 50,000 ಪೌಂಡ್ ಲೇಖಕಿಗೂ ಅನುವಾದಕಿಗೂ ಸಮಪಾಲು. ನಮ್ಮಲ್ಲಿ ಅನುವಾದಕರ ಹೆಸರನ್ನು ಮುಖಪುಟದಲ್ಲಿ ಹಾಕುವುದಕ್ಕೇ ಯೋಚಿಸುತ್ತಾರೆ, ಆದ್ದರಿಂದ ಈ ಸಮಪಾಲಿನ ಸಂಗತಿಯನ್ನು ಮರೆಯಬಾರದು.

ಎಡದಂಡೆ (ಗಂಗಾವತಿ)

ತಿದ್ದಿದ್ದಕ್ಕೆ ಧನ್ಯವಾದ. ನಿಮ್ಮ ಹೆಸರು ಸಾರ್ಥಕವಾಗಿದೆ.

ನಡುಮನೆ (ಲಿಂಗಸುಗೂರು)

ನನಗೆ ಒಂದು ಅನುಮಾನ. ‘ಹಾರ್ಟ್ ಲ್ಯಾಂಪ್’ನ ಕನ್ನಡ ಮೂಲವೆಂಬ ಒಂದೇ ಪುಸ್ತಕ ಕೊಡಿ ಎಂದು ಅಂಗಡಿಯಲ್ಲಿ ಕೇಳಿದರೆ ಅವರಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಗಿರೀಶ ಕಾಸರವಳ್ಳಿಯವರ ‘ಹಸೀನಾ’ ಚಿತ್ರವನ್ನು ನಾನು ನೋಡಿದ್ದೇನೆ, ಆ ಹೆಸರಿನ ಕಥೆಯೂ ಇದರಲ್ಲಿದೆಯೇ?

ಮುಳ್ಳುಗರಿ (ಮಾನ್ವಿ)

2004ರ ಆ ಚಿತ್ರಕ್ಕೆ ಆಧಾರವಾದ ಕಥೆಯ ಹೆಸರು ‘ಕರಿ ನಾಗರಗಳು’. ಅದು ಇಂಗ್ಲಿಷ್ ಪುಸ್ತಕದಲ್ಲಿದೆ. ಹನ್ನೆರಡೂ ಕಥೆಗಳು 1990ರಿಂದ 2023ರವರೆಗೆ ಬೇರೆ ಬೇರೆ ಕಾಲದಲ್ಲಿ ಬರೆದವು. ಅನುವಾದಕಿ ಆರಿಸಿ ಒಂದೆಡೆ ತಂದಿದ್ದಾರೆ. ಅಂಗಡಿಯವನ ತಪ್ಪು ಇದರಲ್ಲಿ ಏನೂ ಇಲ್ಲ.

ಬೇವಿನಕಟ್ಟೆ (ದೇವದುರ್ಗ)

ಚರ್ಚೆಯೆಲ್ಲ ಕೊಳ್ಳುವವರ ಸುತ್ತಲೇ ತಿರುಗುತ್ತಿದೆ. ನಾನು ಪುಸ್ತಕ ಕೊಂಡು ಓದಿದವನಲ್ಲ, ಗ್ರಂಥಾಲಯದಲ್ಲಿ ಕುಳಿತು ಓದಿದವನು. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇಕಡಾ 6ರಷ್ಟು ಗ್ರಂಥಾಲಯ ಕರ ಸೇರಿರುತ್ತದೆ. ಮನೆ ಕಟ್ಟಿದ ಪ್ರತಿಯೊಬ್ಬನೂ, ಒಂದು ಪುಟ ಓದದವನೂ, ಪುಸ್ತಕಕ್ಕೆ ಹಣ ಕೊಡುತ್ತಿದ್ದಾನೆ. ಆ ಹಣದಿಂದ ಗ್ರಂಥಾಲಯಗಳಿಗಾಗಿ ನಡೆಯಬೇಕಾದ ಸಗಟು ಖರೀದಿಯನ್ನೇ ನಂಬಿ ನಮ್ಮ ಎಷ್ಟೋ ಪ್ರಕಾಶಕರು ಉಸಿರಾಡುತ್ತಾರೆ. ಆಯ್ಕೆಯಾದ ಶೀರ್ಷಿಕೆಯ 300 ಪ್ರತಿ ಹೋದರೆ ಐನೂರರ ಮುದ್ರಣದಲ್ಲಿ ಅರ್ಧಕ್ಕಿಂತ ಹೆಚ್ಚು ಮುಗಿದಂತೆ. ಆದರೆ ಖರೀದಿ ತಡವಾದ ವರ್ಷ ಪ್ರಕಾಶಕ ಸಾಲಗಾರ.

ನಮ್ಮ ಊರಿನ ಓದುಕೋಣೆಯಲ್ಲಿ ಈಗ ಬೆಳಿಗ್ಗೆ ಎಂಟಕ್ಕೇ ಜಾಗವಿರುವುದಿಲ್ಲ. ಎಲ್ಲರೂ ಪರೀಕ್ಷೆಗೆ ಓದುವವರು. ನಮ್ಮ ಭಾಗಕ್ಕೆ ಉದ್ಯೋಗ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಹುಡುಗರಿಗೆ ಸರ್ಕಾರಿ ಕೆಲಸದ ಆಸೆ ಚಿಗುರಿದೆ, ಅದನ್ನು ನಾನು ಹೀಯಾಳಿಸುವುದಿಲ್ಲ. ಆದರೆ ಒಂದು ಮಧ್ಯಾಹ್ನ ಕಂಡದ್ದನ್ನು ಹೇಳುತ್ತೇನೆ. ಸಾಮಾನ್ಯ ಜ್ಞಾನದ ದಪ್ಪ ಪುಸ್ತಕದ ನಡುವೆ ಒಬ್ಬಳು ಹುಡುಗಿ ತೆಳ್ಳನೆಯ ಕಥೆ ಪುಸ್ತಕ ಇಟ್ಟುಕೊಂಡು ಓದುತ್ತಿದ್ದಳು, ಜೊತೆಯವರಿಗೆ ಕಾಣದ ಹಾಗೆ. ನಾನು ನೋಡಿದ್ದು ಗೊತ್ತಾದ ಕೂಡಲೇ ಪುಟ ಮಗುಚಿ ಕರ್ನಾಟಕದ ನದಿಗಳಿಗೆ ಹೋದಳು.

ಕೋಟೆಬಾಗಿಲು (ರಾಯಚೂರು)

ಗುಮಾಸ್ತರು ಈ ಕೊನೆಯ ನಾಲ್ಕು ಸಾಲುಗಳನ್ನು ಓದಬೇಕು. ಆ ಹುಡುಗಿ ನಿಮ್ಮ ಅಂಗಡಿಯ ಲೆಕ್ಕಕ್ಕೆ ಬರುವುದಿಲ್ಲ.

ಹಳೆಯ ಗುಮಾಸ್ತ (ಬಳ್ಳಾರಿ)

ಓದಿದೆ. ಅರ್ಧ ಒಪ್ಪುತ್ತೇನೆ. ಆದರೆ ನಿಮ್ಮ ಕಡೆಯವರು ಬಳ್ಳಾರಿಯವರಂತೆ ಓದಿನ ರೂಢಿಯನ್ನು ಹಿಂದಿನಿಂದ ಬೆಳೆಸಿಕೊಂಡವರಲ್ಲ ಎಂಬುದನ್ನೂ ನೀವು ಒಪ್ಪಬೇಕು. ನಮ್ಮಲ್ಲಿ 1926ರಲ್ಲಿ ಫ.ಗು. ಹಳಕಟ್ಟಿಯವರ ಅಧ್ಯಕ್ಷತೆಯಲ್ಲಿಯೇ ಸಾಹಿತ್ಯ ಸಮ್ಮೇಳನ ನಡೆದಿತ್ತು.

ಜೋಳಿಗೆ (ರಾಯಚೂರು)

ಹಿರಿಯರೇ, ಈ ಮಾತು ಸರಿಯಲ್ಲ, ಇದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರ ಕೊಡಬೇಕಾಗುತ್ತದೆ. ನೀವು ಮದ್ರಾಸ್ ಪ್ರಾಂತ್ಯದಲ್ಲಿದ್ದು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದವರು. ರಾಯಚೂರು, ಕೊಪ್ಪಳದವರು 1948ರ ಸೆಪ್ಟೆಂಬರಿನವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವರು. ಕಚೇರಿಯ ಭಾಷೆ, ಮೇಲಿನ ತರಗತಿಗಳ ಭಾಷೆ ಉರ್ದು. ನನ್ನ ಅಜ್ಜ ಜಮೀನಿನ ಲೆಕ್ಕವನ್ನು ಉರ್ದುವಿನಲ್ಲಿ ಬರೆಯುತ್ತಿದ್ದರು, ರಾತ್ರಿ ದಾಸರ ಪದಗಳನ್ನು ಕನ್ನಡದಲ್ಲಿ ಹಾಡುತ್ತಿದ್ದರು, ಕನ್ನಡ ಅಕ್ಷರವನ್ನು ಮಾತ್ರ ಬೆರಳಿಟ್ಟು ಕೂಡಿಸಿಕೊಂಡು ಓದುತ್ತಿದ್ದರು. ಅಂಥ ಕಾಲದಲ್ಲಿಯೂ 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಇದೇ ರಾಯಚೂರಿನಲ್ಲಿ ಸಮ್ಮೇಳನ ನಡೆಯಿತು. ಆ ಉರ್ದುವಿನ ನಂಟನ್ನೇ ಬಂಡವಾಳ ಮಾಡಿಕೊಂಡು ಕವಿ ಶಾಂತರಸರು ಕನ್ನಡಕ್ಕೆ ಗಜಲನ್ನು ತಂದುಕೊಟ್ಟರು. ರೂಢಿ ಇರಲಿಲ್ಲ ಎನ್ನಬೇಡಿ.

ಇನ್ನೊಂದು ಸಮ್ಮೇಳನದ ನೆನಪು ಹೇಳುತ್ತೇನೆ. 2016ರ ಡಿಸೆಂಬರ್ 2ರಿಂದ 4ರವರೆಗೆ ಬರಗೂರು ರಾಮಚಂದ್ರಪ್ಪನವರ ಅಧ್ಯಕ್ಷತೆಯಲ್ಲಿ 82ನೆಯ ಸಮ್ಮೇಳನ ನಮ್ಮ ಊರಿನಲ್ಲಿ ನಡೆದಾಗ, ಐನೂರರ, ಸಾವಿರದ ನೋಟುಗಳು ರದ್ದಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಬ್ಯಾಂಕಿನ ಸಾಲಿನಲ್ಲಿ ನಿಂತು ಪಡೆದ ಒಂದೇ ಒಂದು ಎರಡು ಸಾವಿರದ ಗುಲಾಬಿ ನೋಟು ಹಿಡಿದು ನಾನು ಮಳಿಗೆಯಿಂದ ಮಳಿಗೆಗೆ ತಿರುಗಿದೆ. 180 ರೂಪಾಯಿಯ ಪುಸ್ತಕಕ್ಕೆ ಅದನ್ನು ಚಾಚಿದರೆ ಮಾರುವವರು ಕೈ ಮುಗಿಯುತ್ತಿದ್ದರು. ಕೊನೆಗೆ ನಾಲ್ಕು ಜನ ಅಪರಿಚಿತರು ಒಂದು ಮಳಿಗೆಯ ಮುಂದೆ ಸೇರಿ, ನಮ್ಮ ನಮ್ಮ ಪುಸ್ತಕಗಳನ್ನು ಒಟ್ಟುಗೂಡಿಸಿ, ಮೊತ್ತ 1,960 ಆಗುವಂತೆ ಮಾಡಿ, ನನ್ನ ಆ ನೋಟು ಮುರಿಸಿದೆವು. ಅವರಲ್ಲಿ ಒಬ್ಬರು ನನಗೆ ಕೊಡಬೇಕಾದ ಹಣವನ್ನು ಜನವರಿಯಲ್ಲಿ ಮನಿ ಆರ್ಡರ್ ಮಾಡಿದರು. ಓದುಗರಿಲ್ಲದ ಊರಿನಲ್ಲಿ ಹೀಗೆ ನಡೆಯುವುದಿಲ್ಲ.

ಹಳೆಯ ಗುಮಾಸ್ತ (ಬಳ್ಳಾರಿ)

ಸೋತೆ. ಆದರೆ ಮುಂದಿನದು ನಮ್ಮಲ್ಲಿ. 88ನೆಯ ಸಮ್ಮೇಳನ ಬಳ್ಳಾರಿಯಲ್ಲಿ ಎಂದು 2024ರ ಮಂಡ್ಯ ಸಮ್ಮೇಳನದಲ್ಲಿಯೇ ತೀರ್ಮಾನವಾಗಿತ್ತು, ಆಮೇಲೆ ಬಾನು ಮುಷ್ತಾಕ್ ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿದರು. 1958ರಲ್ಲಿ ವಿ.ಕೃ. ಗೋಕಾಕರ ಅಧ್ಯಕ್ಷತೆಯಲ್ಲಿ ಇಲ್ಲಿ ಕೊನೆಯ ಸಲ ನಡೆದಾಗ ನಾನು ಹುಟ್ಟಿರಲೇ ಇಲ್ಲ. ಯಾವಾಗ ನಡೆದರೂ ಸರಿ, ಚಿಲ್ಲರೆ ಇಟ್ಟುಕೊಂಡು ಬನ್ನಿ.

ತುದಿಬೆರಳು (ಕುಷ್ಟಗಿ)

ಇಷ್ಟೆಲ್ಲ ಕಷ್ಟ ಯಾಕೆ? ವಾಟ್ಸಾಪ್ ಗುಂಪುಗಳಲ್ಲಿ ಎಲ್ಲ ಪುಸ್ತಕಗಳ ಪಿಡಿಎಫ್ ಸಿಗುತ್ತದೆ. ನಾನು ಈ ವರ್ಷ ಮೂವತ್ತು ಓದಿದ್ದೇನೆ, ಅಂಚೆಯವನ ಮುಖ ನೋಡಿಲ್ಲ.

ಅಚ್ಚುಮೊಳೆ (ಬಳ್ಳಾರಿ)

ಅದನ್ನು ಓದು ಎನ್ನಬಹುದು, ಆದರೆ ಕದ್ದ ಓದು. ಐನೂರು ಪ್ರತಿಯ ಪುಸ್ತಕವೊಂದನ್ನು ಒಬ್ಬ ಪುಣ್ಯಾತ್ಮ ಮೊಬೈಲಿನಲ್ಲಿ ಪುಟಪುಟ ಚಿತ್ರ ತೆಗೆದು ಸಾವಿರ ಜನರಿಗೆ ಹಂಚಿದರೆ ಎರಡನೆಯ ಮುದ್ರಣ ಆಗುವುದೇ ಇಲ್ಲ. ಹಣ ಕೊಟ್ಟು ಓದುವ ಇ-ಪುಸ್ತಕಗಳು ಕನ್ನಡದಲ್ಲಿ ಈಗ ಬೇಕಾದಷ್ಟಿವೆ, ಅವನ್ನು ಕೊಂಡು ಓದಿ. ದೇವದುರ್ಗಕ್ಕೂ ದೆಹಲಿಗೂ ಅವು ಒಂದೇ ಕ್ಷಣದಲ್ಲಿ ತಲುಪುತ್ತವೆ.

ತುದಿಬೆರಳು (ಕುಷ್ಟಗಿ)

ಕದ್ದ ಓದು ಎಂದದ್ದು ಕಟುವಾಯಿತು. ಮೂವತ್ತರಲ್ಲಿ ಹದಿನೈದಾದರೂ ಎಲ್ಲಿಯೂ ಮಾರಾಟಕ್ಕೇ ಇಲ್ಲದ ಹಳೆಯ ಪುಸ್ತಕಗಳು. ಮರುಮುದ್ರಣ ಮಾಡದೆ ಬಿಟ್ಟಿದ್ದನ್ನು ಎಲ್ಲಿಂದ ಕೊಳ್ಳಲಿ? ಉಳಿದ ಹದಿನೈದರ ವಿಷಯದಲ್ಲಿ ತಪ್ಪಾಯಿತು.

ಅಚ್ಚುಮೊಳೆ (ಬಳ್ಳಾರಿ)

ಹಳೆಯ ಪುಸ್ತಕಗಳ ಮಾತು ನ್ಯಾಯವೇ. ಈಗ ಡಿಜಿಟಲ್ ಯಂತ್ರದಲ್ಲಿ ಐವತ್ತು ಪ್ರತಿ ಬೇಕಾದರೂ ತೆಗೆಯಬಹುದು, ಮುಗಿದುಹೋದ ಪುಸ್ತಕವೆಂಬುದೇ ಇರಬೇಕಾಗಿಲ್ಲ. ಬೆಂಗಳೂರಿಗೇ ಹೋಗಬೇಕೆಂದೂ ಇಲ್ಲ. ನಮ್ಮ ಬಳ್ಳಾರಿಯ ಲೋಹಿಯಾ ಪ್ರಕಾಶನ ಇಲ್ಲಿಯೇ ಕುಳಿತು ಎಂಥೆಂಥ ಪುಸ್ತಕಗಳನ್ನು ಕನ್ನಡಕ್ಕೆ ಕೊಟ್ಟಿದೆ ನೋಡಿ.

ಬೇವಿನಕಟ್ಟೆ (ದೇವದುರ್ಗ)

ಅಚ್ಚುಮೊಳೆಯವರು ಸಿಕ್ಕಿದ್ದಾರೆಂದು ಒಂದು ದೂರು. ಅಂಟು ಹಚ್ಚಿದ ಬೈಂಡಿಂಗಿನ ಪುಸ್ತಕಗಳು ನಮ್ಮ ಮೇ ತಿಂಗಳನ್ನು ದಾಟುವುದಿಲ್ಲ. ಹೋದ ಬೇಸಿಗೆಯಲ್ಲಿ ಒಂದು ಕಾದಂಬರಿಯನ್ನು ಅಂಗಳದಲ್ಲಿ ಮಂಚದ ಮೇಲೆ ಬಿಟ್ಟು ಊಟಕ್ಕೆ ಹೋಗಿ ಬಂದರೆ, ಬೆನ್ನು ಬಿರುಕು ಬಿಟ್ಟು, 97ನೆಯ ಪುಟದಿಂದ 112ರವರೆಗೆ ಗಾಳಿಗೆ ಹಾರಿ ಬೇವಿನ ಮರದ ಬುಡದಲ್ಲಿ ಬಿದ್ದಿದ್ದವು.

ಅಚ್ಚುಮೊಳೆ (ಬಳ್ಳಾರಿ)

ಸರಿಯಾಗಿ ಹದಿನಾರು ಪುಟ, ಅಂದರೆ ಏಳನೆಯ ಫಾರಂ ಪೂರ್ತಿ. ದಾರದ ಹೊಲಿಗೆ ಹಾಕಿಸಿದ್ದರೆ ಉಳಿಯುತ್ತಿತ್ತು. ಆದರೆ ಹೊಲಿಗೆಗೆ ಖರ್ಚು ಹೆಚ್ಚು, ಹೊಲಿಯುವ ಕೈಗಳೂ ಕಡಿಮೆಯಾಗಿವೆ. ರಾಯಚೂರಿನ ಬಿಸಿಲಿಗೆ ಅಂಟು ಮೊದಲು ಮೆತ್ತಗಾಗುತ್ತದೆ, ಆಮೇಲೆ ಒಣಗಿ ಹರಳಾಗುತ್ತದೆ. ಪುಸ್ತಕವನ್ನು ಮಲಗಿಸಿ ಇಡಿ, ಅಂಗಳದಲ್ಲಿ ಅಲ್ಲ.

ಕೊಪಣ (ಕೊಪ್ಪಳ)

ನಾನು ಒಂದು ಕೆಲಸದ ಮಾತು ಹೇಳುತ್ತೇನೆ. ಅಚ್ಚುಮೊಳೆಯವರ ಲೆಕ್ಕದ 208 ಪುಟದಂಥ ಒಂದು ಪುಸ್ತಕವನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿದೆ, 240 ಗ್ರಾಂ. ಇಪ್ಪತ್ತು ಪುಸ್ತಕ ಸೇರಿದರೆ 4 ಕಿಲೋ 800 ಗ್ರಾಂ, ಸುತ್ತುವ ಕಾಗದಕ್ಕೂ 200 ಗ್ರಾಂ ಜಾಗ ಉಳಿಯುತ್ತದೆ. ಐದು ಕಿಲೋದ ಕಟ್ಟಿಗೆ 100 ರೂಪಾಯಿಯಾದರೆ ಪುಸ್ತಕವೊಂದಕ್ಕೆ ಅಂಚೆ ವೆಚ್ಚ ಐದೇ ರೂಪಾಯಿ. ಒಬ್ಬೊಬ್ಬರೇ ತರಿಸಿ ಅಳುವ ಬದಲು ಇಪ್ಪತ್ತು ಜನ ಸೇರಿ ಒಂದೇ ಕಟ್ಟು ತರಿಸೋಣ. ಪ್ರಕಾಶಕರೂ ಇಪ್ಪತ್ತು ಪ್ರತಿಗೆ ಅಟ್ಟ ಹತ್ತಲು ಬೇಸರಿಸುವುದಿಲ್ಲ. ಕಟ್ಟು ಕೊಪ್ಪಳಕ್ಕೆ ಬರಲಿ, ಗಂಗಾವತಿ, ಸಿಂಧನೂರು, ರಾಯಚೂರಿನವರಿಗೆ ಬಸ್ಸಿನಲ್ಲಿ ಓಡಾಡುವವರ ಕೈಯಲ್ಲಿ ಕಳಿಸುತ್ತೇನೆ. ಬೇಕಾದವರು ಹೆಸರು ಹೇಳಿ.

ಕೋಟೆಬಾಗಿಲು (ರಾಯಚೂರು)

ನನ್ನದು ಎರಡು. ಜೋಳಿಗೆಯವರದ್ದೂ ಒಂದು ಬರೆದುಕೊಳ್ಳಿ, ಹಣ ನಾನು ಕೊಡುತ್ತೇನೆ.

ಎಡದಂಡೆ (ಗಂಗಾವತಿ)

ಒಂದು. ಗಂಗಾವತಿಯ ಬಸ್ ನಿಲ್ದಾಣದಲ್ಲಿ ಕಟ್ಟು ಇಳಿಸಿಕೊಂಡು ಮುಂದಕ್ಕೆ ಹತ್ತಿಸುವ ಕೆಲಸ ನನ್ನದು.

ತುದಿಬೆರಳು (ಕುಷ್ಟಗಿ)

ಮೂರು. ಪ್ರಾಯಶ್ಚಿತ್ತ ಎಂದುಕೊಳ್ಳಿ.

ಭತ್ತದ ಕಣಜ (ಸಿಂಧನೂರು)

ನನ್ನ ಹಳೆಯ ಪುಸ್ತಕ ಇಂದು ಬೆಳಿಗ್ಗೆ ಬಂತು, ಐವತ್ತೊಂದನೆಯ ದಿನ. ಬಿಚ್ಚಿ ನೋಡಿದರೆ ಬೇರೆ ಪುಸ್ತಕ. ಹಿಂದಕ್ಕೆ ಕಳಿಸೋಣವೆಂದು ಮೊದಲ ಪುಟ ತಿರುವಿದೆ, ಈಗ ಎಪ್ಪತ್ತನೆಯ ಪುಟದಲ್ಲಿದ್ದೇನೆ. ನನ್ನ ಹೆಸರಿನ ಮುಂದೆಯೂ ಒಂದು ಹಾಕಿ.

ಹಳೆಯ ಗುಮಾಸ್ತ (ಬಳ್ಳಾರಿ)

ಬಳ್ಳಾರಿ ನಿಮ್ಮ ದಾರಿಗೆ ಸಿಗುವುದಿಲ್ಲ, ಆದರೂ ಎರಡು ಪ್ರತಿ ಬರೆದುಕೊಳ್ಳಿ, ಭಾನುವಾರ ನಾನೇ ಕೊಪ್ಪಳಕ್ಕೆ ಬರುತ್ತೇನೆ. ಬರುವಾಗ ಆ ಏಳು ಪ್ರತಿಗಳನ್ನೂ ಧೂಳು ಒರೆಸಿ ತರುತ್ತೇನೆ.